ಸಮುದ್ರಕ್ಕೆ ಬೆನ್ನು ಹಾಕಿದ ಸಾಹುಕಾರ

ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಊರು ಯಾವುದೆಂದು ಕೇಳಬೇಡಿ, ಸಾಹುಕಾರನ ಹೆಸರನ್ನಂತೂ ಕೇಳಲೇಬೇಡಿ. ಹೇಳಿಬಿಟ್ಟರೆ ಈ ಸಭೆಯಲ್ಲಿ ಮುಂದಿನ ಸಾಲಿನವರೊಬ್ಬರು ಎದ್ದು ಹೋಗಬೇಕಾಗುತ್ತದೆ. ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ. ಕೊಬ್ಬರಿಯನ್ನು ಮೂಸಿ ನೋಡಿಯೇ ಇದು ಇಂಥವರ ತೋಟದ್ದು ಎನ್ನುವಷ್ಟು ಚುರುಕು. ಆದರೆ ಹೆಂಡತಿ ಇವತ್ತು ಯಾವ ಸೀರೆ ಉಟ್ಟಿದ್ದಾಳೆ ಎಂದು ಕೇಳಿ ನೋಡಿ, ಸೀರೆ ಉಟ್ಟಿದ್ದಾಳೆ ಎನ್ನುವುದಷ್ಟೇ ಅವನಿಗೆ ಗೊತ್ತು. ನಗುತ್ತೀರಾ? ಬೆಳಿಗ್ಗೆ ನಿಮ್ಮ ಮನೆಯವರು ಉಟ್ಟಿದ್ದ ಸೀರೆಯ ಬಣ್ಣ ಯಾವುದು, ಹೇಳಿ ನೋಡೋಣ. ನೋಡಿ, ಗಂಡಸರ ಕಡೆ ಆಗಲೇ ತಲೆ ತಗ್ಗಿತು!

ಮಂಡಿಗೆ ವರ್ಷಕ್ಕೊಂದೇ ರಜೆ. ದೀಪಾವಳಿಯಲ್ಲಿ ಲಕ್ಷ್ಮೀಪೂಜೆ ಮುಗಿಸಿ ತಕ್ಕಡಿಗೆ ಕುಂಕುಮವಿಟ್ಟು ಕೂರಿಸಿದರೆ, ಒಳ್ಳೆಯ ದಿನ ನೋಡಿ ಮತ್ತೆ ತೂಕ ಶುರುಮಾಡುವವರೆಗೆ ಬಾಗಿಲು ಹಾಕಿರುತ್ತಿತ್ತು. ಆ ವರ್ಷ ಸಾಹುಕಾರ ಧೈರ್ಯ ಮಾಡಿ, ಈ ರಜೆಯಲ್ಲಿ ಪ್ರವಾಸ ಹೋಗೋಣ ಎಂದ. ಎಲ್ಲಿಗೆ? ಅಲ್ಲೇ ನೋಡಿ ಬಂದದ್ದು ತೊಡಕು.

ಹೆಂಡತಿಗೆ ಕಡಲ ತೀರದ ಊರಿಗೆ ಹೋಗಬೇಕು. ಆ ತಾಯಿ ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ. ಮದುವೆಯಾದ ಹೊಸದರಲ್ಲಿ ಗಂಡ, 'ಮುಂದಿನ ವರ್ಷ ತೋರಿಸ್ತೀನಿ' ಎಂದಿದ್ದ. ಈಗ ಅವರ ಮಗಳಿಗೂ ಮದುವೆಯಾಗಿತ್ತು, ಆ ಮುಂದಿನ ವರ್ಷ ಮಾತ್ರ ಇನ್ನೂ ಬಂದಿರಲಿಲ್ಲ. ಸಾಹುಕಾರನಿಗೋ ಮ್ಯೂಸಿಯಮ್ಮುಗಳ ಊರಿಗೇ ಹೋಗಬೇಕು. ಯಾಕೆ? ಜ್ಞಾನದ ಹಸಿವೇ? ಅಲ್ಲ. ಎದುರು ಮಂಡಿಯವನು ಅಲ್ಲಿಗೆ ಹೋಗಿ ಬಂದು, ನವಾಬರ ಕತ್ತಿ ಕಂಡೆ, ದಂತದ ಕುರ್ಚಿ ಕಂಡೆ ಎಂದು ಬಂದ ಗಿರಾಕಿಗಳ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಇವನಿಗೆ ಅದನ್ನು ತಡೆಯಲಾಗಿರಲಿಲ್ಲ.

"ಸಮುದ್ರದಲ್ಲಿ ಏನಿದೆ ಅಂತೀನಿ? ನೀರು! ನಮ್ಮೂರ ಕೆರೇಲಿ ಇರೋದೂ ಅದೇ," ಎಂದ ಸಾಹುಕಾರ.

"ಮ್ಯೂಸಿಯಮ್ಮಲ್ಲಿ ಏನಿದೆಯಂತೆ? ಹಳೇ ಪಾತ್ರೆ, ಹಳೇ ಪೆಟ್ಟಿಗೆ. ನಮ್ಮನೆ ಅಟ್ಟ ಹತ್ತಿ ನೋಡ್ರಿ, ಟಿಕೇಟೂ ಬೇಡ," ಎಂದಳು ಹೆಂಡತಿ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಇಲ್ಲಿ ಎತ್ತು ಯಾರು, ಕೋಣ ಯಾರು ಎಂದು ನಾನು ಹೇಳುವುದಿಲ್ಲ. ನಾನು ಊಟ ಮಾಡಬೇಕಾದದ್ದು ನಿಮ್ಮ ಮನೆಗಳಲ್ಲೇ.

ಕೊನೆಗೆ ಊರಮ್ಮನ ಗುಡಿಯಲ್ಲಿ ಹೂ ಕೇಳುವುದೆಂದು ತೀರ್ಮಾನವಾಯಿತು. ನಿಮಗೆ ಗೊತ್ತಲ್ಲ, ದೇವಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಕೇಳಿಕೊಳ್ಳುವುದು. ಬಲಗಡೆಯದು ಮೊದಲು ಬಿದ್ದರೆ ಸಮುದ್ರ, ಎಡಗಡೆಯದು ಬಿದ್ದರೆ ಮ್ಯೂಸಿಯಮ್ಮು. ಹೆಣ್ಣು ಗೊತ್ತುಮಾಡಲು, ಬಾವಿ ತೋಡಲು ದೇವರನ್ನು ಕೇಳುವುದುಂಟು. ಟೂರಿಗೂ ಕೇಳಿದವರು ಇವರೇ!

ಹಿಂದಿನ ದಿನ ಸಾಹುಕಾರ ಒಂದು ಚೀಲ ತೆಂಗಿನಕಾಯಿಯೊಂದಿಗೆ ಪೂಜಾರಿಯ ಮನೆಗೆ ಹೋಗಿ, "ಎಡಗಡೆ ಹೂವನ್ನ ಸ್ವಲ್ಪ ಹಗುರವಾಗಿ ಅಂಟಿಸಪ್ಪಾ," ಎಂದ. ಅವನು ಮುಂಬಾಗಿಲಿನಿಂದ ಹೊರಗೆ ಬರುವಾಗ ಹೆಂಡತಿ ಹಿತ್ತಲ ಬಾಗಿಲಿನಿಂದ ತುಪ್ಪದ ಡಬ್ಬಿ ಹಿಡಿದು ಒಳಗೆ ಬಂದಳು. "ಬಲಗಡೆದು ಹಗುರವಾಗಿರ್ಲಿ ಪೂಜಾರಪ್ಪಾ," ಎಂದಳು. ಪೂಜಾರಿ ಧರ್ಮಾತ್ಮ. ಯಾರಿಗೂ ಮೋಸ ಮಾಡಲಿಲ್ಲ. ಎರಡನ್ನೂ ಹಗುರವಾಗಿಯೇ ಅಂಟಿಸಿದ.

ಮರುದಿನ ಮಂಗಳಾರತಿಗೆ ಕರ್ಪೂರ ಹಚ್ಚಬೇಕು, ಪ್ರಶ್ನೆ ಇನ್ನೂ ಕೇಳಿಲ್ಲ, ಅಷ್ಟರಲ್ಲಿ ಎರಡು ಹೂವೂ ಒಟ್ಟಿಗೆ ತಪ್ಪನೆ ಬಿದ್ದವು. ಗುಡಿಯಲ್ಲಿದ್ದವರೆಲ್ಲ ಬೆಕ್ಕಸ ಬೆರಗಾದರು. ಪೂಜಾರಿ ಒಮ್ಮೆ ಸಾಹುಕಾರನನ್ನು ನೋಡಿದ, ಒಮ್ಮೆ ಅವನ ಹೆಂಡತಿಯನ್ನು ನೋಡಿದ, ಕಣ್ಣು ಮುಚ್ಚಿಕೊಂಡು, "ತಾಯಿಗೆ ಎರಡೂ ಒಪ್ಪಿಗೆ ಯಜಮಾನ್ರೇ. ಎರಡೂರಿಗೂ ಹೋಗ್ಬಿಟ್ಟು ಬನ್ನಿ," ಎಂದ.

ಹೊರಟರು. ಮೊದಲು ಕಡಲ ಊರು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಳಿಗ್ಗೆ ಇಳಿದಾಗ ಸಾಹುಕಾರನ ಸೊಂಟ ಮುರಿದುಹೋಗಿತ್ತು. ಸಂಜೆಗೇ ಅಲ್ಲಿಂದ ಹೊರಡಬೇಕು, ತಡವಾದರೆ ಮ್ಯೂಸಿಯಮ್ಮು ಮುಚ್ಚಿದ ದಿನ ಹೋಗಿ ನಿಂತಂತಾಗುತ್ತದೆ ಎಂಬ ಚಿಂತೆ ಅವನ ತಲೆಯಲ್ಲಿ ಗಿರಣಿಯಂತೆ ತಿರುಗುತ್ತಿತ್ತು. ಮರಳಿನ ಮೇಲೆ ಚುರುಮುರಿ ಮಾರುವವನೊಬ್ಬ ಸಿಕ್ಕಿದ. ಸಾಹುಕಾರ ಸಮುದ್ರಕ್ಕೆ ಬೆನ್ನು ಹಾಕಿ ಅವನನ್ನು ಹಿಡಿದುಕೊಂಡ.

"ಏನಪ್ಪಾ, ಸಾಯಂಕಾಲದ ರೈಲು ಸರಿಯಾಗಿ ಬರುತ್ತಾ?"

"ನಂಗೇನ್ ಗೊತ್ತು ಸಾರ್? ನಾನು ಚುರುಮುರಿಯವ."

"ಅಲ್ಲಯ್ಯಾ, ರೈಲು ನಿಮ್ಮೂರಿಂದ್ಲೇ ತಾನೇ ಹೊರಡೋದು?"

ಅದೇ ಹೊತ್ತಿಗೆ ಹೆಂಡತಿ ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿಗೆ ಇಳಿದಳು. ಮೊದಲ ಅಲೆ ಬಂದು ಪಾದ ಮುಟ್ಟಿತು. ಎರಡನೆಯದು ಮೊಣಕಾಲಿಗೆ ಬಂತು. ಮೂರನೆಯದು ಅವಳನ್ನು ಸೊಂಟದವರೆಗೆ ತೋಯಿಸಿ, ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಯಿತು. ಆಗ ಆ ತಾಯಿ ನಕ್ಕಳು ನೋಡಿ! ಮಗಳ ಮದುವೆಯಲ್ಲಿ ಬೀಗರ ಮುಂದೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕ ನಗುವಲ್ಲ ಅದು. ಎರಡು ಕೈ ಮೇಲೆತ್ತಿ, ಹೊಟ್ಟೆಯಿಂದ ಬಂದ ನಗು. ಪಕ್ಕದಲ್ಲಿ ಬಲೆ ಎಳೆಯುತ್ತಿದ್ದವರೂ ಕೈ ನಿಲ್ಲಿಸಿ ನೋಡಿ ತಾವೂ ನಕ್ಕರು.

"ರೀ! ರೀ! ಇಲ್ಲಿ ನೋಡ್ರೀ!" ಎಂದು ಕೂಗಿದಳು.

"ಹೂಂ ಹೂಂ, ನೋಡ್ದೆ," ಎಂದ ಸಾಹುಕಾರ. ಮುಖ ಚುರುಮುರಿಯವನ ಕಡೆಗೇ ಇತ್ತು.

ನೋಡಿದನೇ? ನೀವೇ ಹೇಳಿ, ನೋಡಿದನೇ? ದಡಕ್ಕೆ ಬಂದ ಹೆಂಡತಿ ಉಸಿರು ಬಿಡುತ್ತಾ, "ಏನ್ ನೋಡಿದ್ರಿ?" ಎಂದು ಕೇಳಿದಳು. ಅವನು ಸ್ವಲ್ಪ ಯೋಚಿಸಿ, "ನೀರು," ಎಂದ. ಅವಳು ಸೆರಗು ಹಿಂಡಿಕೊಂಡಳು. ಸಂಜೆ ಇಬ್ಬರೂ ರೈಲು ಹತ್ತಿದರು.

ಮ್ಯೂಸಿಯಮ್ಮುಗಳ ಊರು ಬಂತು. ದೊಡ್ಡ ಕಟ್ಟಡ, ದೊಡ್ಡ ಸಾಲು. ಸಾಹುಕಾರ ಟಿಕೇಟು ತೆಗೆದ, ಕತ್ತಿ ನೋಡಿದ, ದಂತದ ಕುರ್ಚಿ ನೋಡಿದ. ಕೂತು ನೋಡೋಣವೆಂದು ಹಗ್ಗ ದಾಟಲು ಹೋಗಿ ಕಾವಲಿನವನಿಂದ ಬೈಸಿಕೊಂಡ. ಕೊನೆಯ ಕೋಣೆಯಲ್ಲಿ ಗೋಡೆಯಗಲದ ಒಂದು ವರ್ಣಚಿತ್ರ, ಅದರ ಮುಂದೆ ಜನವೋ ಜನ. ಇವನೂ ಸಂದಿಯಲ್ಲಿ ನುಗ್ಗಿ ಮುಂದೆ ಹೋಗಿ ನಿಂತ.

ಚಿತ್ರದಲ್ಲಿ ಸಮುದ್ರ. ಸಮುದ್ರದಲ್ಲಿ ಸೊಂಟದವರೆಗೆ ನೆನೆದ ಒಬ್ಬ ಹೆಂಗಸು. ಎರಡು ಕೈ ಮೇಲೆತ್ತಿ ನಗುತ್ತಿದ್ದಾಳೆ.

ಸಾಹುಕಾರ ಕಣ್ಣರೆಪ್ಪೆ ಬಡಿಯದೆ ನಿಂತುಬಿಟ್ಟ. ನಿಜಕ್ಕೂ ಅವನ ಎದೆ ತುಂಬಿ ಬಂತು. "ಆಹಾ! ಎಂಥಾ ನಗು ಕಣೇ! ಇಂಥಾದ್ದನ್ನ ನೋಡೋಕೆ ಪುಣ್ಯ ಮಾಡಿರ್ಬೇಕು. ನಮ್ಮ ಕಡೆ ಎಲ್ಲಿ ಸಿಗುತ್ತೆ ಇದು?" ಎಂದ.

ಹೆಂಡತಿ ಚಿತ್ರವನ್ನು ನೋಡಿದಳು, ಗಂಡನನ್ನು ನೋಡಿದಳು. "ನಿನ್ನೆ ನಾನು ನಿಂತಿದ್ನಲ್ಲ ರೀ," ಎಂದಳು ಮೆಲ್ಲಗೆ. "ಹಿಂಗೇ ನಿಂತಿದ್ದೆ. ಕೂಗಿ ಕರೆದೆ ಕೂಡ. ಟಿಕೇಟಿರಲಿಲ್ಲ, ಅದಕ್ಕೇ ನೀವು ನೋಡ್ಲಿಲ್ಲ."

ಸಾಹುಕಾರನ ಮುಖ ಕೊಬ್ಬರಿಯ ಹಾಗೆ ಬೆಳ್ಳಗಾಯಿತು. ಇದುವರೆಗೆ ಅವನು ನಷ್ಟವಾಯಿತು ಎಂದು ಗೋಳಾಡಿದ್ದೆಲ್ಲ ಮಂಡಿಯ ನಷ್ಟಕ್ಕೆ. ಇದು ಬೇರೆಯ ನಷ್ಟವೆಂದು ಅವನಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು, ಅಳುವೇ ಬಂತು. ಜನರ ಮಧ್ಯೆಯೇ ಅವಳ ಕೈ ಹಿಡಿದು, "ಎದ್ದೇಳು, ಈಗ್ಲೇ ವಾಪಸ್ ಹೋಗೋಣ. ಇನ್ನೊಂದ್ಸಲ ಇಳಿಯುವಂತೆ. ನಾನು ಕಣ್ಣು ಬಿಟ್ಕೊಂಡು ಎದುರಿಗೇ ನಿಂತಿರ್ತೀನಿ," ಎಂದ. ಅವಳು ನಿಂತೇ ಇದ್ದಳು, ಎದ್ದೇಳು ಎಂದರೆ ಎಲ್ಲಿಗೆ ಏಳುವುದು? ಅವನಿಗೆ ಅಷ್ಟು ಗಾಬರಿ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಜಗಳವನ್ನೂ ಆಡಲಿಲ್ಲ. "ಹೋಗೋಣ್ರೀ, ಸಮುದ್ರ ಎಲ್ಲಿಗೂ ಹೋಗಲ್ಲ, ಅಲ್ಲೇ ಇರುತ್ತೆ," ಎಂದಳು. "ಆದ್ರೆ ಮೊದಲ್ನೇ ಸಲ ಇರಲ್ವಲ್ಲ."

ಕಥೆ ಇಷ್ಟೇ. ಈಗ ಯಾರೂ ಸಾಹುಕಾರನನ್ನು ಬೈಯುವ ಹಾಗಿಲ್ಲ. ನೀವು ಎಲ್ಲಿದ್ದೀರಿ ಹೇಳಿ? ಇಲ್ಲಿ ಕುಳಿತಿದ್ದೀರಿ, ನಿಜ. ಮನಸ್ಸೆಲ್ಲಿದೆ? ಹೊರಗೆ ಬಿಟ್ಟ ಚಪ್ಪಲಿಯ ಹತ್ತಿರ ಕಾವಲು ಕೂತಿದೆ. ಪ್ರವಚನ ಮುಗಿದು ಆ ಚಪ್ಪಲಿ ಕಾಲಿಗೆ ಹಾಕಿಕೊಂಡ ಮೇಲೆ, 'ಸ್ವಾಮಿಗಳು ಏನಂದ್ರು?' ಎಂದು ಪಕ್ಕದವರನ್ನು ಕೇಳುತ್ತೀರಿ. ಊಟಕ್ಕೆ ಕುಳಿತಾಗ ಅಂಗಡಿಯ ಯೋಚನೆ, ಅಂಗಡಿಯಲ್ಲಿ ಊಟದ ಯೋಚನೆ. ಹೀಗೆ ಬೆನ್ನು ಹಾಕಿಕೊಂಡೇ ಬದುಕಿದರೆ ಎಷ್ಟು ಊರು ತಿರುಗಿ ಏನು ಬಂತು? ಕಡಲಿಗೆ ಹೋಗಬೇಕೋ ಮ್ಯೂಸಿಯಮ್ಮಿಗೆ ಹೋಗಬೇಕೋ ಎಂದು ದೇವರನ್ನು ಕೇಳಬೇಡಿ. ಎಲ್ಲಿಗಾದರೂ ಹೋಗಿ, ಹೋದ ಕಡೆ ಇರಿ.

ನಾನು ನಿಮ್ಮಿಂದ ಉಪವಾಸ ಕೇಳುವುದಿಲ್ಲ, ಹರಕೆ ಕೇಳುವುದಿಲ್ಲ. ಒಂದೇ ಕೆಲಸ ಮಾಡಿ. ನಾಳೆ ಬೆಳಿಗ್ಗೆ ನೀವು ಪೇಪರು ಹಿಡಿದು, ಫೋನು ಹಿಡಿದು ಕೂತಿರುತ್ತೀರಿ. ಅಡುಗೆಮನೆಯಿಂದ ಒಂದು ದನಿ, "ರೀ, ಬನ್ನಿ ಇಲ್ಲಿ, ಪೂರಿ ಹೆಂಗೆ ಉಬ್ಬಿದೆ ನೋಡಿ!" ಎಂದು ಕರೆಯುತ್ತದೆ. ಕೂತಲ್ಲೇ ಹೂಂ ಎನ್ನಬೇಡಿ. ಕೈಯಲ್ಲಿರುವುದನ್ನು ಅಲ್ಲೇ ಇಟ್ಟು, ಎದ್ದು, ಒಲೆಯ ಹತ್ತಿರ ಹೋಗಿ ನೋಡಿ. ಬೇಗ ಹೋಗಿ. ಪೂರಿ ನಿಮಗೋಸ್ಕರ ಉಬ್ಬಿಕೊಂಡೇ ಕಾಯುತ್ತಾ ಕೂರುವುದಿಲ್ಲ.