ಪರದೆಯ ಆಚೆ ತುದಿ

ನಮ್ಮ ವೃತ್ತದ ಅಂಗಡಿಕಾರರ ಸಂಘದ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದು ಇಷ್ಟು ಹೊತ್ತಾದರೂ ಒಂದು ಸಲವೂ ಗಡಿಯಾರ ನೋಡದೆ ಕುಳಿತಿರುವ ಸಂಚಾರ ಇನ್ಸ್‌ಪೆಕ್ಟರ್ ಸಾಹೇಬರೇ, ಇಂದಿನ ಬೀಳ್ಕೊಡುಗೆಗೆ ಕಾರಣರಾಗಿ, ಎದ್ದು ಓಡಲು ದಾರಿಯಿದೆಯೇ ಎಂದು ಬಾಗಿಲ ಕಡೆಗೇ ನೋಡುತ್ತಿರುವ ನಮ್ಮೆಲ್ಲರ ಚಾವಿ ಮಾಮನವರೇ, ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದಿರುವ ವ್ಯಾಪಾರಿ ಬಂಧುಗಳೇ, ಸಭಿಕರೇ,

ಈಗ ತಾನೇ ಕಾರ್ಯದರ್ಶಿಗಳು 'ನಮ್ಮ ನಡುವಿನ ಸಮಾಜಸೇವಕಿ' ಎಂದು ಕರೆದಾಗ ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿದ್ದ ಔಷಧಿ ಅಂಗಡಿಯವರು ತಿವಿದು, "ಅಕ್ಕ, ನಿಮ್ಮನ್ನೇ ಕರೀತಿರೋದು, ಏಳಿ" ಎಂದ ಮೇಲೆ ಗೊತ್ತಾಯಿತು. ನಾನು ಪರದೆ ಮಾರುವವಳು. ಕಿಟಕಿಗೆ, ಬಾಗಿಲಿಗೆ ಹೊಲಿದು, ಕಂಬಿ ಹಾಕಿ, ಮನೆಗೇ ಬಂದು ತೂಗುಹಾಕಿ ಕೊಡುತ್ತೇವೆ. ನೋಡಿ, ಮೈಕ್ ಕೈಗೆ ಸಿಕ್ಕ ಕೂಡಲೇ ವ್ಯಾಪಾರದ ಮಾತು ಬಂತು. ದಯವಿಟ್ಟು ಕ್ಷಮಿಸಬೇಕು.

ಸನ್ಮಾನ್ಯ ಇನ್ಸ್‌ಪೆಕ್ಟರ್ ಸಾಹೇಬರು ಬಹಳ ಚೆನ್ನಾಗಿ ಮಾತಾಡಿದರು. ರಸ್ತೆಯಲ್ಲಿ ಒಂದು ಜೀವ ಹೋಗುತ್ತಿದ್ದರೆ ಸುತ್ತ ನಿಂತು ನೋಡುವವರಿಗೆ ದಂಡ ಹಾಕಬೇಕು, ಅವರಿಗೆ ಅದು ಪುಕ್ಕಟೆ ಸಿನಿಮಾ ಎಂದರು. ನೀವೆಲ್ಲ ಚಪ್ಪಾಳೆ ಹೊಡೆದಿರಿ. ಸಾಹೇಬರೇ, ಈ ಮಾತನ್ನು ನಾನು ಎಷ್ಟೋ ವರ್ಷ ಹೇಳಿದ್ದೇನೆ. ಇಷ್ಟು ಮರ್ಯಾದೆಯಾಗಿ ಹೇಳಿಲ್ಲ ಅಷ್ಟೇ. "ಏನ್ರೀ, ನಿಮ್ಮನೇಲಿ ಟಿವಿ ಇಲ್ವಾ?" ಎಂದು ಕೇಳಿದ್ದೇನೆ. "ಟಿಕೆಟ್ ತಗೊಂಡು ಬಂದ್ರಾ?" ಎಂದು ಕೇಳಿದ್ದೇನೆ. ನನ್ನ ಬಾಯಿ ಈ ವೃತ್ತಕ್ಕೆಲ್ಲ ಗೊತ್ತಿರುವುದೇ.

ಹೊಸಬರಿಗಾಗಿ ಹೇಳುತ್ತೇನೆ. ನಮ್ಮ ವೃತ್ತದಲ್ಲಿ ಇಳಿಜಾರಿನಿಂದ ಬರುವ ಲಾರಿಗಳಿಗೆ ತಿರುವು ಕಾಣುವುದಿಲ್ಲ. ಯಾರಾದರೂ ಬಿದ್ದರೆ ಔಷಧಿ ಅಂಗಡಿಯವರು ಆಂಬುಲೆನ್ಸಿಗೆ ಫೋನ್ ಮಾಡುತ್ತಾರೆ, ಚಹಾದಂಗಡಿಯವರು ನೀರು ತರುತ್ತಾರೆ, ನಾನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ಬಟ್ಟೆ ಎಳೆದುಕೊಂಡು ಓಡುತ್ತೇನೆ. ಯಾವುದೋ ಸಭಾಂಗಣಕ್ಕೆಂದು ಹೊಲಿದು, ಬಣ್ಣ ಒಪ್ಪಲಿಲ್ಲವೆಂದು ವಾಪಸಾದ ದಪ್ಪ ನೀಲಿ ಬಟ್ಟೆ ಅದು. ಒಂದು ತುದಿ ನಾನು ಹಿಡಿಯುತ್ತೇನೆ. ಎದುರಿನ ಡಬ್ಬಿ ಅಂಗಡಿಯಲ್ಲಿ ಬೀಗ ರಿಪೇರಿ ಮಾಡಿ, ಚಾವಿ ಕೊರೆಯುವ ಈ ಮಾಮ ಇನ್ನೊಂದು ತುದಿ ಹಿಡಿಯುತ್ತಾರೆ. ಬಿದ್ದವರ ಸುತ್ತ ಒಂದು ಗೋಡೆಯಾಗುತ್ತದೆ. ಯಾರೂ ಹೇಳಿಕೊಟ್ಟಿದ್ದಲ್ಲ. ಮೊದಲ ಸಲ ಒಬ್ಬ ಹೆಂಗಸು ಬಿದ್ದಾಗ ಅವಳ ಬಟ್ಟೆ ಸರಿದಿತ್ತು, ಕೈಯಲ್ಲಿ ಪರದೆ ಇತ್ತು, ಹಿಡಿದೆ. ಮಾಮ ಬಂದು ಆಚೆ ತುದಿ ಹಿಡಿದರು. ಹಾಗೇ ಅಭ್ಯಾಸವಾಯಿತು.

ಆ ದಿನ ನಾನು ಒಳಗೆ ನೋಡಿಬಿಟ್ಟಿದ್ದೆ. ಆಮೇಲೆ ಬಹಳ ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅಂದಿನಿಂದ ಒಂದು ಕಟ್ಟಳೆ ಮಾಡಿಕೊಂಡೆ. ಗುಂಪಿನೊಳಗೆ ಹಿಮ್ಮುಖವಾಗಿ ಹೋಗಬೇಕು, ಬೆನ್ನು ಒಳಗೆ, ಮುಖ ಜನರ ಕಡೆಗೆ. ಮಾಮನಿಗೂ ಅದೇ ಕಟ್ಟಳೆ ಹಾಕಿದೆ. ಆದ್ದರಿಂದ ಸಭಿಕರೇ, ಸತ್ತವರನ್ನು ನಾನು ನೋಡಿದ್ದು ಕಡಿಮೆ. ನೋಡುವವರನ್ನು ನೋಡಿದ್ದೇ ಹೆಚ್ಚು.

ಜನ ಯಾಕೆ ನೋಡುತ್ತಾರೆ? ನಾನೂ ಸಾಹೇಬರ ಹಾಗೇ ಅಂದುಕೊಂಡಿದ್ದೆ. ಆದರೆ ಎದುರಿಗೆ ನಿಂತು ಅಷ್ಟು ಮುಖ ನೋಡಿದ ಮೇಲೆ ಬೈಯುವುದು ಕಷ್ಟವಾಗತೊಡಗಿತು. ನಮ್ಮ ಬಟ್ಟೆ ಉದ್ದ ಸಾಲದು, ನೆಲದಿಂದ ಒಂದು ಗೇಣು ಮೇಲೆ ನಿಲ್ಲುತ್ತದೆ. ಬಂದವರೆಲ್ಲ ಮೊದಲು ಆ ಸಂದಿಯಲ್ಲಿ ಕಾಣುವ ಚಪ್ಪಲಿ ನೋಡುತ್ತಾರೆ. ನೋಡಿ, ಉಸಿರು ಬಿಡುತ್ತಾರೆ. ಆಮೇಲೆ ಪಕ್ಕಕ್ಕೆ ಹೋಗಿ ಫೋನ್ ತೆಗೆಯುತ್ತಾರೆ. "ಏನಿಲ್ಲ, ಸುಮ್ನೆ ಮಾಡ್ದೆ. ಎಲ್ಲಿದೀಯಾ? ಊಟ ಆಯ್ತಾ?" ಎನ್ನುತ್ತಾರೆ. ಒಮ್ಮೆ ಒಬ್ಬ ಹೆಂಗಸು ತರಕಾರಿ ಚೀಲವನ್ನು ರಸ್ತೆಯ ಮೇಲೇ ಬಿಟ್ಟು ಓಡಿ ಬಂದು, ನನ್ನ ತೋಳು ಹಿಡಿದು, "ಅಂಗಿ ಯಾವ ಬಣ್ಣ ಹೇಳಿ, ಬಣ್ಣ ಹೇಳಿದ್ರೆ ಸಾಕು" ಎಂದಳು. ನನಗೇನು ಗೊತ್ತು? ಮಾಮನನ್ನು ಕೇಳಿದೆ. "ಬಿಳಿ" ಎಂದರು. ಅಲ್ಲೇ ಕುಸಿದು ಕುಳಿತು ನಕ್ಕಳು. ನಕ್ಕಿದ್ದಕ್ಕೆ ನಾಚಿ ಅತ್ತಳು. ಸಾಹೇಬರೇ, ಅವಳಿಗೆ ಎಷ್ಟು ದಂಡ ಹಾಕುತ್ತೀರಿ?

ಎಲ್ಲರೂ ಹಾಗೆಯೇ ಎಂದು ನಾನು ಹೇಳುವುದಿಲ್ಲ. ಫೋನ್ ಎತ್ತಿ ಹಿಡಿದು ಫೋಟೋ ತೆಗೆಯುವವರೂ ಇದ್ದಾರೆ. ಅಂಥವರನ್ನು ಇಂದಿಗೂ ಬಾಯಿಗೆ ಬಂದಂತೆ ಬೈಯುತ್ತೇನೆ, ಅದರಲ್ಲಿ ನನಗೆ ಸಂಕೋಚವಿಲ್ಲ.

ನೀವು ಕೇಳಬಹುದು, ಒಳಗೆ ನೋಡಬಾರದೆಂಬ ಕಟ್ಟಳೆ ಇದ್ದ ಮೇಲೆ ಅಂಗಿ ಬಿಳಿ ಎಂದು ಮಾಮನಿಗೆ ಹೇಗೆ ಗೊತ್ತಾಯಿತು? ನಾನೂ ಆಗ ಕೇಳಿದೆ. "ಕಣ್ಣು ಹೋಯ್ತಮ್ಮಾ" ಎಂದು ತಲೆ ತಗ್ಗಿಸಿದರು. ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ.

ಇವತ್ತು ಮಾಮನ ಬಗ್ಗೆ ನಾಲ್ಕು ಮಾತು ಆಡಬೇಕು, ಆದರೆ ನನ್ನ ತಮ್ಮನನ್ನು ಬಿಟ್ಟು ಮಾಮನ ಬಗ್ಗೆ ಆಡಲು ನನಗೆ ಬರುವುದಿಲ್ಲ. ಹಳಬರಿಗೆ ನೆನಪಿದೆ. ನನ್ನ ಅಂಗಡಿಯ ಕಂಬಿ ಕೆಲಸವೆಲ್ಲ ಅವನದೇ. ಅಮ್ಮ ಹೋದಾಗ ಅವನಿನ್ನೂ ನನ್ನ ಸೊಂಟ ಬಿಟ್ಟಿರಲಿಲ್ಲ. ನಾನೇ ಸಾಕಿದೆ, ನಾನೇ ಬೈದೆ. ಅವನ ಚಪ್ಪಲಿಯ ಪಟ್ಟಿ ಕಿತ್ತರೆ ಹೊಸದು ಕೊಳ್ಳುತ್ತಿರಲಿಲ್ಲ. ಅಂಗಡಿಯ ಪರದೆ ಕಟ್ಟುವ ಹಳದಿ ರೇಷ್ಮೆ ಹಗ್ಗ ಕತ್ತರಿಸಿ, ಪಟ್ಟಿಯ ಜಾಗಕ್ಕೆ ಕಟ್ಟಿಕೊಂಡು, ಗೊಂಡೆಯನ್ನೂ ಹಾಗೇ ಇಟ್ಟುಕೊಂಡು ಬೀದಿಯೆಲ್ಲ ತಿರುಗುತ್ತಿದ್ದ. "ಅಂಗಡಿ ಮಾನ ಹರಾಜು ಹಾಕ್ತೀಯಲ್ಲೋ!" ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. "ಕೂಗು ಅಕ್ಕ, ಕೂಗು. ಎಲ್ಲೇ ಹೋಗಿದ್ರೂ ನಿನ್ನ ಬಾಯಿ ಕೇಳ್ತು ಅಂದ್ರೆ ಮನೆ ಬಂತು ಅಂತ ಗೊತ್ತಾಗುತ್ತೆ ನಂಗೆ" ಎನ್ನುತ್ತಿದ್ದ. ನೀವೆಲ್ಲ ನಗುತ್ತಿದ್ದಿರಿ. ಈಗಲೂ ನಗಬಹುದು, ನನಗೆ ಬೇಸರವಿಲ್ಲ.

ಅವತ್ತು ಅವನು ಊರಿನ ಆಚೆ ಮಗ್ಗುಲಿಗೆ, ಒಂದು ಹೊಸ ಮನೆಗೆ ಕಂಬಿ ಹಾಕಲು ಹೋಗಿದ್ದ. ಸಂಜೆಯವರೆಗೂ ಬರುವುದಿಲ್ಲ ಎಂದಿದ್ದ. ಮಧ್ಯಾಹ್ನ ಬ್ರೇಕಿನ ಸದ್ದು ಕೇಳಿತು. ಎಂದಿನಂತೆ ಬಟ್ಟೆ ಎಳೆದುಕೊಂಡು ಓಡಿದೆ. ಎಂದಿನಂತೆ ಹಿಮ್ಮುಖವಾಗಿ ಹೋದೆ. ಮಾಮ ಆಚೆ ತುದಿ ಹಿಡಿದರು. ತಮ್ಮ ಪರದೆಯ ಉಂಗುರಗಳನ್ನು ಮರೆತು ಹೋಗಿದ್ದನಂತೆ, ಅದಕ್ಕೆ ವಾಪಸು ಬರುತ್ತಿದ್ದನಂತೆ. ಅವನ ಗಾಡಿ ಲಾರಿಯ ಅಡಿಗೆ ಹೋಗಿತ್ತು, ನನಗೆ ಕಾಣಲಿಲ್ಲ. ನನಗೆ ಕಂಡದ್ದು ಬರೀ ಜನ.

ಸ್ವಲ್ಪ ಹೊತ್ತಿಗೆ ಮಾಮನ ಕಡೆ ಬಟ್ಟೆ ತಗ್ಗಿತು. ಓರೆಗಣ್ಣಲ್ಲಿ ನೋಡಿದರೆ, ಮಾಮ ತುದಿಯನ್ನು ಹೆಗಲಿಗೆ ಸುತ್ತಿಕೊಂಡು, ನೆಲದ ಮೇಲೆ ಮಂಡಿಯೂರಿ, ಒಳಗೆ ಮುಖ ಮಾಡಿ ಕುಳಿತುಬಿಟ್ಟಿದ್ದಾರೆ. ಮೆಲ್ಲಗೆ ಏನೋ ಮಾತಾಡುತ್ತಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ಕಟ್ಟಳೆ ಇಟ್ಟುಕೊಂಡ ನಾವೇ ಮುರಿದರೆ ಜನಕ್ಕೆ ಏನು ಹೇಳುವುದು? "ಮಾಮ, ಎತ್ತಿ ಹಿಡೀರಿ! ಎಲ್ಲಾ ಕಾಣಿಸ್ತಿದೆ! ನಿಮಗೂ ನೋಡೋ ಚಟ ಬಂತಾ? ಮೊದಲು ಈಚೆ ತಿರುಗಿ!" ಎಂದು ಕೂಗಿದೆ. ಇಡೀ ವೃತ್ತಕ್ಕೆ ಕೇಳುವ ಹಾಗೆ ಕೂಗಿದೆ. ಮಾಮ ತಿರುಗಲಿಲ್ಲ.

ಆಗ ಗುಂಪಿನ ಕಡೆ ನೋಡಿದೆ. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿದ್ದಿರಿ. ಚಹಾದಂಗಡಿಯವರೇ, ನೀವು ಮುಂದಿನ ಸಾಲಿನಲ್ಲಿದ್ದಿರಿ, ಕೈಯಲ್ಲಿ ನೀರಿನ ಚೊಂಬು ಇತ್ತು. ಎಲ್ಲರ ಕಣ್ಣು ಒಂದು ಸಲ ಕೆಳಗೆ, ಆ ಒಂದು ಗೇಣು ಸಂದಿಗೆ ಹೋಯಿತು. ಉಸಿರು ಬಿಡುತ್ತಾರೆಂದು ಕಾದೆ. ಯಾರೂ ಬಿಡಲಿಲ್ಲ. ಅಲ್ಲಿಂದ ಎಲ್ಲರ ಕಣ್ಣೂ ಮೇಲಕ್ಕೆ ಬಂದು ನನ್ನ ಮುಖದ ಮೇಲೆ ನಿಂತವು. ಆ ದಿನ ಯಾರೂ ಪರದೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ನನಗೆ ಯಾರೂ ಹೇಳಬೇಕಾಗಲಿಲ್ಲ.

ಆಮೇಲೆ ನಡೆದದ್ದು ಸರಿಯಾಗಿ ನೆನಪಿಲ್ಲ. ತಿರುಗಬೇಕು ಎನ್ನುತ್ತದೆ ಜೀವ, ತಿರುಗಲಾಗುವುದಿಲ್ಲ. ನಿಮ್ಮ ಕಣ್ಣುಗಳನ್ನೇ ಹಿಡಿದುಕೊಂಡು ನಿಂತಿದ್ದೆ. ಅಷ್ಟು ವರ್ಷ ಹೀನಾಮಾನವಾಗಿ ಬೈದು ಓಡಿಸಿದ್ದೆನಲ್ಲ, ಅವೇ ಕಣ್ಣು. ಅವು ಇಲ್ಲದಿದ್ದರೆ ನಾನು ಅಲ್ಲೇ ಬೀಳುತ್ತಿದ್ದೆ. ಯಾರೋ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಟ್ಟೆ ತೆಗೆದುಕೊಂಡರು. ನಾನು ತಿರುಗುವಷ್ಟರಲ್ಲಿ ಮಾಮ ಅವನ ಕಣ್ಣು ಮುಚ್ಚಿಸಿದ್ದರು. ಅವನ ಕೈ ಮಾತ್ರ ಇನ್ನೂ ಅವರ ಕೈಯಲ್ಲಿತ್ತು.

ಸಾಹೇಬರೇ, ಬಿದ್ದವರನ್ನು ಜನ ಯಾಕೆ ನೋಡುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಬಿದ್ದವರು ಯಾರನ್ನು ನೋಡಬೇಕು ಎಂದು ನಾವು ಕೇಳುವುದೇ ಇಲ್ಲ. ಮಾನ ಮುಚ್ಚುತ್ತೇನೆ ಎಂದು ನಾನು ಅಷ್ಟು ಜನರ ಸುತ್ತ ಗೋಡೆ ಕಟ್ಟಿದೆ. ಒಳಗಿದ್ದವರಿಗೆ ಕಂಡದ್ದೇನು? ನನ್ನ ಬೆನ್ನು. ಮಾಮ ಅವತ್ತು ಮಾತ್ರ ಅಲ್ಲ, ಮೊದಲಿನಿಂದಲೂ ಒಳಗೆ ನೋಡುತ್ತಿದ್ದರು. ನನ್ನ ಬೈಗುಳಕ್ಕೆ ಹೆದರಿ ಕಳ್ಳಗಣ್ಣಲ್ಲಿ ನೋಡುತ್ತಿದ್ದರು ಅಷ್ಟೇ. ಬಿಳಿ ಅಂಗಿ ಹಾಗೆ ಗೊತ್ತಾಗಿತ್ತು. ಅಂದಿನಿಂದ ನಮ್ಮ ಕಟ್ಟಳೆ ಬದಲಾಯಿತು. ನನ್ನ ಮುಖ ಹೊರಗೆ, ಮಾಮನ ಮುಖ ಒಳಗೆ. ಬಟ್ಟೆಯನ್ನು ನೆಲ ಮುಟ್ಟುವ ಹಾಗೆ ಹೊಲಿಸಿ ಎಂದು ಸಂಘದವರು ಹೇಳಿದರು. ನಾನು ಹೊಲಿಯಲಿಲ್ಲ. ಬಿದ್ದವರು ತಮ್ಮ ಮನೆಯವರೋ ಅಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದು ಬಂದವರಿಗೆ ಅಷ್ಟಾದರೂ ಕಾಣಲಿ.

ತಮ್ಮನ ಕಾರ್ಯಗಳೆಲ್ಲ ಮುಗಿದ ಮೇಲೆ ಮಾಮ ಅಂಗಡಿಗೆ ಬಂದು, "ಅವನು ಮಾತಾಡ್ದ ಕಣಮ್ಮಾ. ನಿನಗೆ ಕೇಳ್ಬೇಕು ಅನ್ಸಿದ ದಿನ ಕೇಳು. ನಾನೇನು ಎಲ್ಲಿಗೂ ಹೋಗಲ್ಲ" ಎಂದರು. ನಾನು ತಲೆಯಾಡಿಸಿದೆ. ಕೇಳಲಿಲ್ಲ.

ಕೇಳಬೇಕೆಂದು ಹೋಗಿಲ್ಲವೇ? ಎಷ್ಟು ಸಲ ಹೋಗಿದ್ದೇನೆ! ಬರಿಗೈಯಲ್ಲಿ ಹೋಗಲು ಧೈರ್ಯವಾಗದೆ ಅಂಗಡಿಯ ಬೀಗ ಬಿಚ್ಚಿಕೊಂಡು ಹೋಗುತ್ತಿದ್ದೆ. "ಮಾಮ, ಯಾಕೋ ಬೀಗ ಬಿಗಿಯಾಗಿದೆ" ಎನ್ನುತ್ತಿದ್ದೆ. ಹೂವಿನ ಹಾಗೆ ತೆರೆಯುತ್ತಿದ್ದ ಬೀಗ! ಅದು ಅವರಿಗೂ ಗೊತ್ತು. ಆದರೂ ಕನ್ನಡಕ ಹಾಕಿಕೊಂಡು, ತಿರುಗಿಸಿ ನೋಡಿ, ಎಣ್ಣೆ ಬಿಟ್ಟು, ಒರೆಸಿ, ನಿಧಾನವಾಗಿ ನನ್ನ ಕೈಗೆ ಕೊಟ್ಟು, ಮುಖ ನೋಡುತ್ತಾ ಕಾಯುತ್ತಿದ್ದರು. ನಾನು "ಬರ್ತೀನಿ ಮಾಮ" ಎಂದು ಎದ್ದು ಬರುತ್ತಿದ್ದೆ. ಪರದೆ ಅಕ್ಕನ ಬೀಗದಷ್ಟು ಎಣ್ಣೆ ಕುಡಿದ ಬೀಗ ಈ ಊರಲ್ಲಿ ಇನ್ನೊಂದಿಲ್ಲ ಎಂದು ನೀವೆಲ್ಲ ಆಡಿಕೊಳ್ಳುತ್ತೀರಿ. ಕಾರಣ ಇದು.

ಯಾಕೆ ಕೇಳಲಿಲ್ಲ ಎಂದೂ ಹೇಳಿಬಿಡುತ್ತೇನೆ, ಹೇಗೂ ಬಾಯಿ ಬಿಟ್ಟಾಗಿದೆ. ಅವನು ನನಗೆ ಒಂದು ಮಾರು ದೂರದಲ್ಲಿ ಮಲಗಿದ್ದ. ನಾನು ಬೆನ್ನು ಹಾಕಿ ನಿಂತು ಕೂಗಾಡುತ್ತಿದ್ದೆ. ಅವನು ಈ ಲೋಕದಲ್ಲಿ ಕೇಳಿದ ಕೊನೆಯ ಸದ್ದು ನನ್ನ ಬೈಗುಳವೇ? ಅದನ್ನು ಕೇಳಿ ಅವನಿಗೆ ಏನನ್ನಿಸಿತು? ಇದೊಂದೇ ಭಯ. ಈ ಭಯದಲ್ಲಿ ನನ್ನ ಕೂದಲು ಬೆಳ್ಳಗಾಯಿತು.

ಎಲ್ಲಿಗೂ ಹೋಗಲ್ಲ ಎಂದಿದ್ದ ಮಾಮ ನಾಳೆ ಬೆಳಿಗ್ಗೆ ಮಗಳ ಊರಿಗೆ ಹೋಗುತ್ತಿದ್ದಾರೆ. ಕಣ್ಣು ಮಂಜಾಗಿದೆ, ಚಾವಿಯ ಹಲ್ಲು ಕಾಣುವುದಿಲ್ಲ, ಮಗಳು ಕರೆದಿದ್ದಾಳೆ. ಹೋಗಬೇಕಾದ್ದೇ, ಸಂತೋಷದಿಂದ ಹೋಗಲಿ. ಸಂಘದ ಪರವಾಗಿ ನೆನಪಿನ ಕಾಣಿಕೆಯಾಗಿ ಗೋಡೆ ಗಡಿಯಾರ ಕೊಟ್ಟಿದ್ದೇವೆ. ಬೀಗ ಕೊಡೋಣ ಎಂದವರೂ ಇದ್ದರು, ನಾನು ಬೇಡವೆಂದೆ. ಇನ್ನು ಮುಂದೆ ನಮ್ಮ ಪರದೆಯೊಳಗೆ ಮುಖ ಮಾಡುವವಳು ನಾನು. ಹೊರಗೆ ಮುಖ ಮಾಡಿ ನಿಲ್ಲಲು ಇನ್ಸ್‌ಪೆಕ್ಟರ್ ಸಾಹೇಬರು ಒಬ್ಬರನ್ನು ಕೊಡಲಿ ಎಂದು ಈ ವೇದಿಕೆಯಿಂದ ಮನವಿ ಮಾಡುತ್ತೇನೆ. ಬೈಯಲು ಬರದವರಾದರೆ ಒಳ್ಳೆಯದು.

ನನಗೆ ಮಾತಾಡಲು ಅವಕಾಶ ಕೊಟ್ಟ ಅಧ್ಯಕ್ಷರಿಗೆ, ಕೊಟ್ಟ ಸಮಯ ಮೀರಿದರೂ ಚೀಟಿ ಕಳಿಸದ ಕಾರ್ಯದರ್ಶಿಗಳಿಗೆ ವಂದನೆಗಳು. ಸಭಿಕರೇ, ಅವತ್ತು ನನ್ನನ್ನು ನೋಡಿದಿರಲ್ಲ, ಅದಕ್ಕೆ ನಿಮಗೆ ಧನ್ಯವಾದ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ. ಸಭೆಗೆ ಬೆನ್ನು ಹಾಕುವುದು ಮರ್ಯಾದೆಯಲ್ಲ ಎಂದು ಗೊತ್ತು. ಆದರೆ ಮಾಮ ನನ್ನ ಹಿಂದೆ ಕುಳಿತಿದ್ದಾರೆ, ಇಷ್ಟು ವರ್ಷ ನಿಮ್ಮ ಮುಖ ನೋಡಿದ್ದು ಸಾಕು, ಇನ್ನು ಆ ಕಡೆ ತಿರುಗುತ್ತೇನೆ. ಮೈಕಿನವರು ದಯವಿಟ್ಟು ಮೈಕ್ ಆರಿಸಬೇಕು.

ಎಲ್ಲರಿಗೂ ನಮಸ್ಕಾರ.

ಹೇಳಿ ಮಾಮ. ಅವನು ಏನಂದ?