ಗೊತ್ತಿಲ್ಲ ಎಂದ ಮೆಕ್ಯಾನಿಕ್

ಮೆಕ್ಯಾನಿಕ್ ಈಶ್ವರ್ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ, ಅವನ ತಂದೆ ಮರುಳಸಿದ್ದಪ್ಪನವರು ಹೊಸಪೇಟೆಯ ಆಸ್ಪತ್ರೆ ಅಂಗಳದಲ್ಲಿ ಮಗನ ದೇಹಕ್ಕಾಗಿ ಕಾದು ಕುಳಿತಿದ್ದರು. ಅವರು ಯಾರೆಂದು ತಿಳಿಯದ ಸಂಡೂರಿನ ಗಣಿ ಮಾಲೀಕನೊಬ್ಬ ಪಕ್ಕದಲ್ಲೇ ನಿಂತು ತನ್ನ ಡ್ರೈವರ್ ಎರ್ರೆಪ್ಪನೊಡನೆ ಮಾತಾಡುತ್ತಿದ್ದ.

“ಇನ್ನ ಆ ಫಾರಿನ್ ಕಾರು ಯಾರ ಕೈಯಾಗ ಕೊಡೋದಲೇ?”

“ಬ್ಯಾರೆ ಮೆಕ್ಯಾನಿಕ್ ಭಾಳ ಮಂದಿ ಅದಾರ್ರಿ, ಧಣಿ.”

“ಅವರೆಲ್ಲ ಬರ್ತೈತಿ ಅಂತ ಟಿಪ್ಪರ್ ಬಿಚ್ಚಿದಂಗ ಬಿಚ್ಚಿ ಕೆಡಿಸಿದೋರು. ನನಗ ಗೊತ್ತಿಲ್ರಿ ಅಂದಾವ ಇವನೊಬ್ಬನ.”

“ಹೌದ್ರಿ. ಕಾರಿನ ಇಂಗ್ಲಿಷ್ ಪುಸ್ತಕ ಹದಿನೈದು ದಿನ ಹೆಂಡ್ತಿ ಕಡಿಂದ ಓದಿಸಿ ಕೇಳಿ, ಆಮ್ಯಾಲ ಬಾನೆಟ್ ಎತ್ತಿದ್ನರಿ.”

“ಅಂಥಾವ ಸಿಗೂತನ ಗಾಡಿ ಶೆಡ್ಡಿನಾಗ ನಿಲ್ಲಲಿ. ನಡಿ, ಹಾರ ತರೂಣು.”

ಅವರು ಹೊರಟುಹೋದರು. ಮರುಳಸಿದ್ದಪ್ಪನವರು ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡರು.

“ಶಿವನೇ, ನನ್ನ ಕೂಸಿನ ಜೀವಕ್ಕ ನಿನ್ನ ಪಾದದಾಗ ಶಾಂತಿ ಕೊಡಪ್ಪ.”