ನಂಜುಂಡ ‘ಬರ್ತೀನಿ’ ಅಂದಿದ್ದು

...ಅಲ್ಲ ಕಣೇ ಅನಘಾ, ಸ್ನೋ ಅಂದ್ರೆ ಇಲ್ಲಿಯ ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ನ ಬಣ್ಣದ ಪಾಕ ಸುರಿದು ಕೊಡೋ ಐಸ್ ಕಚಾಂಗ್ ಅಂದ್ಕೊಂಡ್ಯಾ? ಜಪಾನಿಗೆ ಸ್ಕೀಯಿಂಗ್ ಬುಕ್ ಮಾಡಿದ್ದೀಯ, ಸಂತೋಷ. ಆದ್ರೆ ಯಾರೂ ಹೋಗದೇ ಇರೋ ಗುಡ್ಡದ ಹಿಂದುಗಡೆಗೂ ಹೋಗ್ತೀನಿ ಅಂತೀಯಲ್ಲ, ಅದಕ್ಕೇ ಹೇಳ್ತಿರೋದು. ಆ ಫೋನ್ ಕೆಳಗಿಟ್ಟು ಈ ತಾತನ ಮಾತು ಕೇಳು.

ನಾನು ಸೈನ್ಯ ಸೇರಿ ಎರಡನೇ ವರ್ಷ, ಅಲ್ಲಲ್ಲ, ಮೊದಲನೇ ವರ್ಷವೇ, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ, ಹಿಮಾಲಯದ ಮೇಲೆ ಟೆಲಿಫೋನ್ ತಂತಿ ರಿಪೇರಿ ಕೆಲಸ. ನಾನೂ ಮಂಡ್ಯದ ನಂಜುಂಡನೂ, ಇಬ್ಬರೇ. ಮೂರು ದಿನ ಹಿಮ ಬಿದ್ದು ಬಿಸಿಲು ಬಂದಿತ್ತು. ನೋಡೋಕೆ ಚೆಂದ, ಅದೇ ಮೋಸ. ಕೆಳಗೆ ಹಳೇ ಹಿಮ ಗಾಜಿನ ಹಾಗೆ ಗಟ್ಟಿ, ಅದರ ಮೇಲೆ ಹೊಸದು ಸುಮ್ನೆ ಕೂತಿರುತ್ತೆ. ಕಾಲಿಟ್ರೆ ಒಳಗಿಂದ ‘ಧುಪ್’ ಅನ್ನುತ್ತೆ. ಆ ಸದ್ದು ಕೇಳಿದ್ರೆ ವಾಪಸ್ ಬರಬೇಕು. ನಾವು ಬಂದ್ವಾ? ಎಲ್ಲಿ! ಹುಡುಗು ಬುದ್ಧಿ. ಒಂದು ರೂಲ್ ಮಾತ್ರ ಪಾಲಿಸಿದ್ವಿ: ಇಳಿಜಾರಲ್ಲಿ ಒಂದು ಸಲಕ್ಕೆ ಒಬ್ಬನೇ.

ನಂಜುಂಡ ಮೊದಲು ದಾಟಿದ. ಆ ಕಡೆ ಬಂಡೆ ಹತ್ರ ನಿಂತು ಕೂಗಿದ, ‘ನಾನು ಬರ್ತೀನಿ ಕಣೋ!’ ಗೊತ್ತಲ್ಲ, ನಮ್ಮವರು ಹೊರಡುವಾಗ ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತಾರೆ. ಅವನು ಹೇಳಿದ್ದು, ನಾನು ಮುಂದಕ್ಕೆ ಹೊರಟೆ, ನೀನು ದಾಟು ಅಂತ. ನಾನು ತಿಳ್ಕೊಂಡಿದ್ದು, ವಾಪಸ್ ಬರ್ತಿದ್ದಾನೆ ಅಂತ! ಏನೋ ಮರೆತಿದ್ದಾನೆ ಪೆದ್ದ, ಅಂತ ಬೈಕೊಂಡು ಅಲ್ಲೇ ಕೂತೆ. ಕೂತೇ ಇದ್ದೆ. ಆಗ ಇಡೀ ಇಳಿಜಾರಿನ ಹಿಮ ಕಿತ್ಕೊಂಡು ಕೆಳಗೆ ಹೋಯ್ತು ನೋಡು, ನನ್ನ ಕಣ್ಣ ಮುಂದೆಯೇ! ಆಮೇಲೆ ಬರೀ ಬಿಳಿ ಪುಡಿ, ಏನೂ ಕಾಣಲ್ಲ. ಕೂಗಿದ್ರೆ ಗಾಳಿಗೆ ಕೇಳಲ್ಲ.

ಪುಡಿ ಇಳಿದ ಮೇಲೆ ನೋಡ್ತೀನಿ, ಕೆಳಗೆ ಆ ರಾಶಿ ಮೇಲೆ ನಂಜುಂಡ ಮಂಡಿಯೂರಿ ಬರಿಗೈಲಿ ಅಗೀತಿದ್ದಾನೆ. ಗ್ಲೌಸ್ ಎಲ್ಲೋ ಬಿದ್ದಿದೆ. ‘ಸೀನಾ, ಸೀನಾ, ಉಸಿರು ಹಿಡ್ಕೊಂಡಿರೋ!’ ಸೀನ ಅಂದ್ರೆ ನಾನೇ; ಅವನ ಲೆಕ್ಕದಲ್ಲಿ ನಾನು ದಾಟುವಾಗ ಹಿಮದಡಿ ಸಿಕ್ಕೊಂಡಿದ್ದೆ. ನಾನು ಇಳಿದು ಅವನ ಹಿಂದೆ ನಿಂತು ‘ನಂಜಾ, ಇಲ್ಲಿದ್ದೀನೋ’ ಅಂದೆ. ತಿರುಗಿ ನೋಡಿದ. ಕಪಾಳಕ್ಕೆ ಒಂದು ಬಿಟ್ಟ, ಆಮೇಲೆ ತಬ್ಕೊಂಡು ಗೊಳೋ ಅಂತ ಅತ್ತ. ಆ ಚಳಿಗೆ ಅವನ ಎರಡು ಬೆರಳ ತುದಿ ಹೋಯ್ತು. ಅಲ್ಲಿ ಇಲ್ಲದೇ ಇರೋ ನನಗೋಸ್ಕರ ಕಣೇ! ಇವತ್ತು ಈ ಕ್ಲೆಮೆಂಟಿಯಲ್ಲಿ, ನಮ್ಮ ಫ್ಲಾಟ್ ಕಟ್ಟಡದ ಕೆಳಗಿನ ವಾಯ್ಡ್ ಡೆಕ್‌ನಲ್ಲಿ ನಿನ್ನ ಜೊತೆ ಕೂತು ಕಾಫಿ ಕುಡೀತಿದ್ದೀನಲ್ಲ, ದಿನಾ ಮೊದಲನೇ ಗುಟುಕಿಗೆ ಅವನನ್ನ ನೆನೀತೀನಿ.

ಏನಂದೆ? ‘ಓಕೆ ಲಾ ತಾತ, ಬರ್ತೀನಿ’? ನಿಂತ್ಕೋ! ಎಲ್ಲಿಗೆ, ಯಾರ ಜೊತೆ, ಯಾವಾಗ ವಾಪಸ್, ಎಲ್ಲಾ ಬಿಡಿಸಿ ಹೇಳಿ ಹೋಗು. ನಿನಗೋಸ್ಕರ ಬರಿಗೈಲಿ ಅಗೆಯೋರು ಇದ್ದೀವಿ ಇಲ್ಲಿ.